ವಿದ್ಯಾರ್ಥಿಗೆ ಹೊಂದುವ ವಿದ್ಯಾಲಯ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಮಠಕ್ಕೆ ಬರುವ ಸದ್ಭಕ್ತರ ಮಾತಿನ ವಿಷಯವೇ ಬದಲಾಗುತ್ತದೆ. ಮಳೆ, ಬೆಳೆ, ಮದುವೆಗಳ ಮಾತು ಹಿಂದೆ ಸರಿದು, ಮಗನನ್ನು ಎಲ್ಲಿಗೆ ಸೇರಿಸಬೇಕು, ಮಗಳನ್ನು ಎಷ್ಟು ದೂರ ಕಳುಹಿಸಬಹುದು ಎಂಬ ಚಿಂತೆ ಮುಂದೆ ಬರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ತಂದೆತಾಯಿಗಳಿಗಂತೂ ಈ ಚಿಂತೆ ತಮ್ಮೂರಿನ ರೈಲುಹಾದಿಯಂತೆಯೇ ಕವಲೊಡೆದು ನಿಂತಿರುತ್ತದೆ. ಬೀರೂರು ಜಂಕ್ಷನ್ನಿನಲ್ಲಿ ನಿಂತವನಿಗೆ ಒಂದು ಹಾದಿ ಕಡೂರಿನ ಮೇಲೆ ಬೆಂಗಳೂರಿಗೆ, ಇನ್ನೊಂದು ಅಜ್ಜಂಪುರದ ಮೇಲೆ ದಾವಣಗೆರೆ ಹುಬ್ಬಳ್ಳಿಗಳಿಗೆ, ಮತ್ತೊಂದು ತರೀಕೆರೆಯ ಮೇಲೆ ಶಿವಮೊಗ್ಗೆಗೆ. 2013ರಿಂದೀಚೆಗೆ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಉಂಟು. ಹಾದಿಗಳು ಹೆಚ್ಚಾದವು, ಆದರೆ ಯಾವ ಹಾದಿ ಹಿಡಿಯಬೇಕೆಂಬ ನಿರ್ಧಾರ ಅದರಿಂದ ಸುಲಭವಾಗಲಿಲ್ಲ.

ಬಂದವರು ಸಾಮಾನ್ಯವಾಗಿ ಕೇಳುವುದು "ಯಾವ ಕಾಲೇಜು ಒಳ್ಳೆಯದು?" ಎಂದು. ಈ ಪ್ರಶ್ನೆಯಲ್ಲಿಯೇ ಒಂದು ಕೊರತೆಯಿದೆ. "ಯಾರಿಗೆ?" ಎಂಬ ಮಾತು ಅದರಲ್ಲಿ ಬಿಟ್ಟುಹೋಗಿದೆ. ಯಾವ ಬೆಳೆ ಒಳ್ಳೆಯದು ಎಂದು ಬರಿದೇ ಕೇಳುವ ರೈತನನ್ನು ನಾವು ಕಾಣೆವು. ಅಜ್ಜಂಪುರದ ಎರೆಹೊಲಕ್ಕೆ ಈರುಳ್ಳಿ, ತರೀಕೆರೆಯ ನೀರುಳ್ಳ ತೋಟಕ್ಕೆ ಅಡಿಕೆ, ಕಡೂರಿನ ಬಯಲಿಗೆ ರಾಗಿ, ತೆಂಗು ಎಂದು ನಮ್ಮ ಹಿರಿಯರು ಮಣ್ಣನ್ನೂ ನೀರನ್ನೂ ನೋಡಿಯೇ ಬೀಜವನ್ನು ಆರಿಸಿದರು. ಬೀಜದ ವಿಷಯದಲ್ಲಿ ಇಷ್ಟು ವಿವೇಕವುಳ್ಳ ನಾವು ಹೆತ್ತ ಮಕ್ಕಳ ವಿಷಯದಲ್ಲಿ ಮಾತ್ರ ನೆರೆಮನೆಯವರು ಏನು ಬಿತ್ತಿದರೆಂಬುದನ್ನೇ ನೋಡುತ್ತೇವೆ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ವೈದ್ಯಕೀಯ, ಇಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣವನ್ನಲ್ಲ. ಅಲ್ಲಿ ಅಂಕ, ಶ್ರೇಯಾಂಕ, ಸೀಟುಗಳ ಲೆಕ್ಕವೇ ಬಹುಮಟ್ಟಿಗೆ ತೀರ್ಮಾನ ಮಾಡಿಬಿಡುತ್ತದೆ. ಭಾಷೆ, ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರ, ಮೂಲವಿಜ್ಞಾನಗಳನ್ನು ಕಲಿಸುವ ಸಣ್ಣ ಪದವಿ ಕಾಲೇಜುಗಳೇ ಪ್ರಸ್ತುತ ವಿಷಯ. ಬೇರೆಲ್ಲಿಯೂ ಸೀಟು ಸಿಗದವರು ಸೇರುವ ಕಾಲೇಜುಗಳೆಂದು ಇವನ್ನು ಹಗುರವಾಗಿ ಆಡುವುದು ವಾಡಿಕೆಯಾಗಿದೆ. ಪಾಶ್ಚಾತ್ಯರು ಇದೇ ಬಗೆಯ ಶಿಕ್ಷಣವನ್ನು ಲಿಬರಲ್ ಆರ್ಟ್ಸ್ ಎಂದು ಕರೆದು ಗೌರವಿಸುತ್ತಾರೆ. ಮೂಲ ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿಗೆ ಸ್ವತಂತ್ರನಾದವನಿಗೆ ತಕ್ಕ ವಿದ್ಯೆ ಎಂದು ಅರ್ಥ. ಮಧ್ಯಯುಗದ ಯೂರೋಪಿನಲ್ಲಿ ವ್ಯಾಕರಣ, ತರ್ಕ, ವಾಕ್ಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ 7 ವಿದ್ಯೆಗಳು ಇದರಲ್ಲಿ ಸೇರಿದ್ದವು. ಆದರೆ ಆ ಹೆಸರು ಹುಟ್ಟಿದ ರೋಮಿನಲ್ಲಿ ಸ್ವತಂತ್ರನೆಂದರೆ ಗುಲಾಮನಲ್ಲದವನು; ಕೈದುಡಿಮೆಯವನಿಗೆ ಆ ವಿದ್ಯೆ ಸಲ್ಲದೆಂಬ ಭಾವನೆಯೂ ಅದರೊಳಗೆ ಅಡಗಿತ್ತು.

ಈ ಗೋಡೆಯನ್ನು ನಮ್ಮ ಶರಣರು 12ನೆಯ ಶತಮಾನದಲ್ಲಿಯೇ ಕೆಡವಿದರು. ಬಟ್ಟೆ ಮಡಿ ಮಾಡುವ ಮಾಚಯ್ಯನೂ, ದೋಣಿ ನಡೆಸುವ ಚೌಡಯ್ಯನೂ, ಹಗ್ಗ ಹೊಸೆಯುವ ಚಂದಯ್ಯನೂ ತಮ್ಮ ಕಾಯಕವನ್ನು ಬಿಡದೆಯೇ ಅನುಭವ ಮಂಟಪದ ತತ್ತ್ವವಿಚಾರಕ್ಕೆ ಅಧಿಕಾರಿಗಳಾದರು. ದುಡಿಯುವ ಕೈಗೂ ವಿಚಾರ ಮಾಡುವ ಬುದ್ಧಿಗೂ ವಿರೋಧವಿಲ್ಲವೆಂಬ ಈ ನಿಲುವನ್ನು ಒಪ್ಪಿದವರಿಗೆ, ಹೊಲದ ಮನೆಯಿಂದ ಬಂದ ಹುಡುಗಿ ಇತಿಹಾಸವನ್ನೋ ತತ್ತ್ವಶಾಸ್ತ್ರವನ್ನೋ ಓದುತ್ತೇನೆಂದಾಗ "ಅದರಿಂದ ಹೊಟ್ಟೆ ತುಂಬುವುದೆ?" ಎಂದು ಬಾಯಿ ಮುಚ್ಚಿಸುವುದು ಸಲ್ಲದು. ಹೊಟ್ಟೆಯ ಪ್ರಶ್ನೆ ಸಣ್ಣದಲ್ಲ. ಅದನ್ನು ಮುಂದೆ ನೋಡೋಣ. ಆದರೆ ಅದೊಂದೇ ಪ್ರಶ್ನೆಯಲ್ಲ.

ವಿದ್ಯಾಲಯ ಹೇಗಿರಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಹಳೆಯ ಮಾದರಿಯುಂಟು. ತರೀಕೆರೆಯಿಂದ ಶಿವಮೊಗ್ಗೆಯನ್ನು ದಾಟಿ ಮುಂದೆ ಹೋದರೆ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವೆ ಸಿಗುತ್ತದೆ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪರಂಪರೆ ಹೇಳುವ ಊರು ಅದು. ಅಲ್ಲಿದ್ದ ಕೋಡಿಯಮಠವನ್ನು 1162ರ ಒಂದು ಶಾಸನ ವರ್ಣಿಸುತ್ತದೆ. ಕಾಳಾಮುಖ ಶೈವರ ಮಠವಾದ ಅಲ್ಲಿ ವೇದಗಳೊಡನೆ ಪಾಣಿನಿ, ಶಾಕಟಾಯನರ ವ್ಯಾಕರಣಗಳು, ನ್ಯಾಯ, ಮೀಮಾಂಸೆ, ಸಾಂಖ್ಯ, ಯೋಗ, ಕಾವ್ಯ, ನಾಟಕಗಳು ನಡೆಯುತ್ತಿದ್ದವು. ತಮ್ಮ ಮತಕ್ಕೆ ಹೊರತಾದ ಬೌದ್ಧದರ್ಶನವನ್ನೂ ಅಲ್ಲಿ ವ್ಯಾಖ್ಯಾನಿಸುತ್ತಿದ್ದರು. ದೀನರಿಗೆ, ಕುರುಡರಿಗೆ, ಕುಂಟರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು. ವಿದ್ಯೆಯ ವೈಶಾಲ್ಯ, ಪರಮತವನ್ನು ಕೇಳುವ ಧೈರ್ಯ, ಹಸಿದವನಿಗೆ ದಾಸೋಹ, ಈ ಮೂರೂ ಒಂದೇ ಸೂರಿನಡಿ ಸೇರಿದ್ದುದು ಗಮನಾರ್ಹ. ಇವುಗಳಲ್ಲಿ ಒಂದನ್ನು ಕಳೆದುಕೊಂಡ ವಿದ್ಯಾಲಯ ಎಷ್ಟು ಎತ್ತರದ ಕಟ್ಟಡ ಕಟ್ಟಿದರೂ ಅಪೂರ್ಣವೇ.

ಈ ಮೂರರ ಜೊತೆಗೆ ನಾಲ್ಕನೆಯದೊಂದನ್ನು ಶರಣಪರಂಪರೆ ಸೇರಿಸಿತು. ಬಳ್ಳಿಗಾವೆಯ ಆ ನೆರೆಯಲ್ಲಿಯೇ ಉಡುತಡಿ ಇದೆ. ಅಲ್ಲಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣವನ್ನು ಮುಟ್ಟಿದಾಗ ಅಲ್ಲಮಪ್ರಭುಗಳು ಆಕೆಯನ್ನು ಹೇಗೆ ಬರಮಾಡಿಕೊಂಡರೆಂಬುದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸಿದೆ. ಆಕೆಯ ಮನೆತನವನ್ನು ನೋಡಿ ಒಳಗೆ ಬಿಡಲಿಲ್ಲ. ಕೀರ್ತಿಯನ್ನು ಕೇಳಿ ಕೈಮುಗಿಯಲೂ ಇಲ್ಲ. ನೇರವಾದ, ಕಠಿನವಾದ ಪ್ರಶ್ನೆಗಳನ್ನು ಆಕೆಗೆಂದೇ ಕೇಳಿದರು. ಆಕೆಯ ಉತ್ತರವನ್ನು ತಾಳ್ಮೆಯಿಂದ ಕೇಳಿದರು. ಉತ್ತರ ದಿಟವೆನಿಸಿದಾಗ ತಲೆಬಾಗಿದರು. ಗುರುವು ಶಿಷ್ಯನ ಅಂಗೈಗೆ ಇಷ್ಟಲಿಂಗವನ್ನು ಕೊಡುವಾಗಲೂ ಹೀಗೆಯೇ. ದೀಕ್ಷೆಗೆ ಬಂದವರು ನೂರು ಮಂದಿಯಿದ್ದರೂ ಲಿಂಗವು ಒಬ್ಬೊಬ್ಬರ ಅಂಗೈಗೆ ಪ್ರತ್ಯೇಕವಾಗಿಯೇ ಬರಬೇಕು. ವಿದ್ಯೆಯೂ ಅಂಗೈಗೆ ಬರಬೇಕಾದ ವಸ್ತು. ಗುಂಪಿನ ಮೇಲೆ ಎರಚಿದರೆ ಅದು ಯಾರಿಗೂ ದಕ್ಕುವುದಿಲ್ಲ. ಆದಕಾರಣ ನಮ್ಮ ಮಗುವಿಗೆ ಹೊಂದುವ ವಿದ್ಯಾಲಯ ಯಾವುದೆಂದರೆ, ಆ ಮಗುವನ್ನು ಹೆಸರು ಹಿಡಿದು ಕರೆಯುವ, ಅದಕ್ಕೆಂದೇ ಪ್ರಶ್ನೆ ಕೇಳುವ, ಅದರ ಉತ್ತರವನ್ನು ಕೇಳಲು ನಿಲ್ಲುವ ಒಬ್ಬ ಗುರುವಾದರೂ ಇರುವ ವಿದ್ಯಾಲಯ. ಸಣ್ಣ ಕಾಲೇಜಿನ ನಿಜವಾದ ಬಲ ಇರುವುದು ಇಲ್ಲಿಯೇ.

ಮಾತು ತೀರ ಮೇಲಕ್ಕೆ ಹೋಗದಂತೆ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಅಜ್ಜಂಪುರದ ಸಮೀಪದ ಹಳ್ಳಿಯೊಂದರಲ್ಲಿ ಖುಷ್ಕಿ ಹೊಲವನ್ನೇ ನಂಬಿದ ಒಂದು ಮನೆ. ಮಗಳು ಓದಿನಲ್ಲಿ ಚುರುಕು. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಶಾಲೆಯವರು ಒಮ್ಮೆ ಕರೆದುಕೊಂಡು ಹೋಗಿದ್ದಾಗ, 1196ರ ಆ ಹೊಯ್ಸಳ ದೇವಾಲಯದ ಶಾಸನವನ್ನು ರಚಿಸಿದವನು ಜನ್ನಕವಿಯೆಂದು ತಿಳಿದು, ಕಲ್ಲಿನ ಮೇಲಿನ ಹಳೆಯ ಅಕ್ಷರಗಳನ್ನು ತಾನೇ ಓದಬೇಕೆಂಬ ಹಂಬಲ ಆಕೆಗೆ ಹುಟ್ಟಿದೆ. ಈಗ ತಂದೆಯ ಮುಂದೆ ಮೂರು ಹಾದಿಗಳಿವೆ. ಶಿಕ್ಷಣ ಸಾಲ ಮಾಡಿ ಬೆಂಗಳೂರಿನ ದೊಡ್ಡ ಹೆಸರಿನ ಖಾಸಗಿ ಸಂಸ್ಥೆಗೆ ಕಳುಹಿಸುವುದು ಒಂದು. 1940ರಲ್ಲಿ ಆರಂಭವಾದ ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಂಥ ಹಳೆಯ ಸಂಸ್ಥೆಗೆ ಸೇರಿಸಿ ವಿದ್ಯಾರ್ಥಿನಿಲಯದಲ್ಲಿ ಇರಿಸುವುದು ಇನ್ನೊಂದು. ಕಡೂರು, ಬೀರೂರು, ತರೀಕೆರೆಗಳ ಪದವಿ ಕಾಲೇಜುಗಳಲ್ಲಿ ಒಂದಕ್ಕೆ ಸೇರಿಸಿ ದಿನವೂ ಮನೆಯಿಂದ ಹೋಗಿಬರುವಂತೆ ಮಾಡುವುದು ಮೂರನೆಯದು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಪ್ರಯಾಣದ ಖರ್ಚೂ ಇಲ್ಲ.

ಯಾವುದು ಸರಿ? ಹೆಸರನ್ನು ನೋಡಿ ಹೇಳುವುದಾದರೆ ಮೊದಲನೆಯದು. ಖರ್ಚನ್ನು ನೋಡಿ ಹೇಳುವುದಾದರೆ ಮೂರನೆಯದು. ಮಗಳನ್ನು ನೋಡಿ ಹೇಳಬೇಕಾದರೆ ಇನ್ನೊಂದು ವಿಷಯ ತಿಳಿಯಬೇಕಾಗುತ್ತದೆ. ಶಾಸನದ ಮುಂದೆ ನಿಲ್ಲಿಸಿ ಅಕ್ಷರ ತಿದ್ದಿಸಬಲ್ಲ ಇತಿಹಾಸದ ಅಥವಾ ಕನ್ನಡದ ಅಧ್ಯಾಪಕರು ಈ ಮೂರರಲ್ಲಿ ಎಲ್ಲಿದ್ದಾರೆ? ಅಂಥವರು ತರೀಕೆರೆಯಲ್ಲಿದ್ದರೆ ಆ ಹುಡುಗಿಗೆ ಅದಕ್ಕಿಂತ ದೊಡ್ಡ ಕಾಲೇಜು ಬೇರೊಂದಿಲ್ಲ. ಅಮೃತಾಪುರ ಅಲ್ಲಿಗೆ ಹತ್ತಿರ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯವೂ ಭದ್ರಾ ಜಲಾಶಯದ ಬಳಿಯ ಶಂಕರಘಟ್ಟದಲ್ಲಿಯೇ ಇದ್ದು, ಮುಂದಿನ ವ್ಯಾಸಂಗಕ್ಕೂ ಅನುಕೂಲ. ಅಂಥವರು ಶಿವಮೊಗ್ಗೆಯಲ್ಲಿ ಮಾತ್ರ ಇದ್ದರೆ ಮನೆಯಿಂದ ದೂರವೆಂಬ ಅಂಜಿಕೆಯನ್ನು ಬಿಟ್ಟು ಅಲ್ಲಿಗೇ ಕಳುಹಿಸಬೇಕು. ಅದೇ ಮನೆಯ ಮಗನಿಗೆ ಸಂಖ್ಯಾಶಾಸ್ತ್ರದಲ್ಲಿ ಒಲವಿದ್ದು ಅದನ್ನು ಕಲಿಸುವ ಕಾಲೇಜು ಹತ್ತಿರದಲ್ಲಿ ಇಲ್ಲದಿದ್ದರೆ ಅವನಿಗೆ ಬೆಂಗಳೂರೇ ಹೊಂದಬಹುದು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ಉತ್ತರಗಳು ಬರುವುದು ಅನ್ಯಾಯವಲ್ಲ. ಇಬ್ಬರನ್ನೂ ನೋಡದೆ ಒಂದೇ ಉತ್ತರ ಕೊಡುವುದು ಅನ್ಯಾಯ.

ಆಯ್ದಕ್ಕಿ ಲಕ್ಕಮ್ಮನ ಕಥೆ ವಾಚಕರಿಗೆ ತಿಳಿದದ್ದೇ. ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಕಾಲೇಜಿನ ಆಯ್ಕೆಯಲ್ಲಿಯೂ ಇಂಥ ಹೆಚ್ಚಿನ ಅಕ್ಕಿಯೊಂದುಂಟು. ಮಗುವಿನ ಓದಿಗೆ ಬೇಕಾಗಿರದೆ ತಂದೆಯ ಪ್ರತಿಷ್ಠೆಗೆ ಮಾತ್ರ ಬೇಕಾದ ಹೆಸರೇ ಅದು. ಆ ಹೆಸರಿಗಾಗಿ ಹೊಲ ಅಡವಿಟ್ಟು ವಂತಿಗೆ ಕೊಟ್ಟರೆ ಸಾಲ ತೀರಿಸುವ ಭಾರ ಕಡೆಗೆ ಬೀಳುವುದು ಮಗುವಿನ ಹೆಗಲ ಮೇಲೆಯೇ. ಆದರೆ ಲಕ್ಕಮ್ಮನ ಮಾತನ್ನು ಬಡವರ ಬಾಯಿಗೆ ಬೀಗ ಹಾಕಲು ಬಳಸಬಾರದು. ನಿಮಗೆ ಇಷ್ಟು ಸಾಕು, ದೊಡ್ಡ ವಿದ್ಯೆಯ ಆಸೆ ನಿಮಗೇಕೆ ಎಂದು ಆಕೆ ಯಾರಿಗೂ ಹೇಳಲಿಲ್ಲ. ಬೇಕಾದದ್ದಕ್ಕೂ ಹೆಚ್ಚಿನದಕ್ಕೂ ಗೆರೆ ಎಳೆಯಿರೆಂದಳು. ವಿದ್ಯೆ ಬೇಕಾದದ್ದು, ಹೆಸರಿನ ಬಿಂಕ ಹೆಚ್ಚಿನದು.

ಇದನ್ನು ಉಪದೇಶವಾಗಿ ಹೇಳುವ ಯೋಗ್ಯತೆ ನನಗಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಸರ್ಕಾರಿ ನೌಕರಿಗೆ ಸೇರಿದ ನಾನು, ನನ್ನ ಮಗನನ್ನು ನಗರದ ದೊಡ್ಡ ಕಾಲೇಜೊಂದಕ್ಕೆ ಸೇರಿಸಿದೆ. ಅವನನ್ನು ಒಂದು ಮಾತೂ ಕೇಳಲಿಲ್ಲ. ಸಹೋದ್ಯೋಗಿಗಳ ಮಕ್ಕಳು ಅಲ್ಲಿದ್ದರು, ಅಷ್ಟೇ ಕಾರಣ. ಮೂರು ವರ್ಷಗಳ ನಂತರ ಉದ್ಯೋಗದ ಅರ್ಜಿಗೆ ಅವನನ್ನು ಬಲ್ಲ ಇಬ್ಬರು ಅಧ್ಯಾಪಕರ ಹೆಸರು ಬೇಕಾಯಿತು. ಅವನು ಬಹಳ ಹೊತ್ತು ಸುಮ್ಮನೆ ಕುಳಿತು, "ಅಪ್ಪಾಜಿ, ನನ್ನ ಹೆಸರು ಬಲ್ಲವರು ಅಲ್ಲಿ ಯಾರೂ ಇಲ್ಲ" ಎಂದ. ಪ್ರಸಾದ ನಿಲಯದಲ್ಲಿ ನಾನು ಒಂದು ಹೊತ್ತು ಪಂಕ್ತಿಗೆ ಬಾರದಿದ್ದರೆ ಹಿರಿಯ ಸ್ವಾಮಿಗಳು ಕಾರಣ ವಿಚಾರಿಸುತ್ತಿದ್ದರು. ನನಗೆ ದೊರೆತ ಆ ಭಾಗ್ಯವನ್ನು ಹಣ ಕೊಟ್ಟು ನನ್ನ ಮಗನಿಗೆ ತಪ್ಪಿಸಿದವನು ನಾನೇ.

ಇಷ್ಟು ಹೇಳಿದ ಮೇಲೆ ಸಣ್ಣ ಕಾಲೇಜುಗಳ ಕೊರತೆಯನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಬಹುಭಾಗ ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ಮುಂದಿನ ವರ್ಷ ತಾವು ಅಲ್ಲಿರುವೆವೋ ಇಲ್ಲವೋ ಎಂಬುದು ಅವರಿಗೇ ತಿಳಿಯದು. ಪಠ್ಯಕ್ರಮದ ಗೊಂದಲವೂ ಸಣ್ಣದಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷಗಳ ಪದವಿ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಹೀಗೆ ವ್ಯವಸ್ಥೆ ಹೊರಳಾಡುವಾಗ ವಿದ್ಯಾರ್ಥಿಗೆ ಆಸರೆಯಾಗುವುದು ಪಾಠ ಹೇಳುವ ಗುರುವೊಬ್ಬನೇ. ಸಣ್ಣದೆಂಬ ಮಾತ್ರಕ್ಕೆ ಯಾವ ಕಾಲೇಜೂ ಒಳ್ಳೆಯದಾಗುವುದಿಲ್ಲ. ವಿದ್ಯಾರ್ಥಿಗಳು ಕಡಿಮೆಯಿದ್ದೂ ಅವರನ್ನು ಯಾರೂ ವಿಚಾರಿಸದ ಕಡೆ ಸಣ್ಣತನವಲ್ಲದೆ ಮತ್ತೇನೂ ಉಳಿಯದು.

ಆದುದರಿಂದ ತಂದೆತಾಯಿಗಳು ಮಗುವಿನೊಡನೆ ಹೋಗಿ ಕಣ್ಣಾರೆ ನೋಡಬೇಕು. ಸಮಾರಂಭದ ದಿನ ಬಿಟ್ಟು ಸಾಮಾನ್ಯವಾದ ಒಂದು ಮಂಗಳವಾರವೋ ಬುಧವಾರವೋ ಹೋಗಬೇಕು. ತರಗತಿಗಳು ನಡೆಯುತ್ತಿವೆಯೆ? ಗ್ರಂಥಾಲಯದ ಬೀರುಗಳಿಗೆ ಬೀಗವಿದೆಯೋ, ಪುಸ್ತಕಗಳು ವಿದ್ಯಾರ್ಥಿಗಳ ಕೈಯಲ್ಲಿವೆಯೋ? ಮಗು ಓದಬಯಸುವ ವಿಷಯಕ್ಕೆ ಅಧ್ಯಾಪಕರಿದ್ದಾರೆಯೆ, ಮೂರು ವರ್ಷವೂ ಇರುವ ಸಂಭವವಿದೆಯೆ? ಕಳೆದ ವರ್ಷ ಹೊರಬಂದವರು ಈಗ ಏನು ಮಾಡುತ್ತಿದ್ದಾರೆ? ಹೊಟ್ಟೆಯ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಯೇ. ಸ್ಪರ್ಧಾತ್ಮಕ ಪರೀಕ್ಷೆಗೋ, ಬಿ.ಎಡ್.ಗೋ, ಸ್ನಾತಕೋತ್ತರ ವ್ಯಾಸಂಗಕ್ಕೋ ಅಲ್ಲಿಂದ ದಾರಿಯುಂಟೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಕೊನೆಗೆ, ಅಲ್ಲಿ ಓದುತ್ತಿರುವ ಮೂವರು ಮಕ್ಕಳನ್ನು ಪಕ್ಕಕ್ಕೆ ಕರೆದು, "ಪಾಠ ಅರ್ಥವಾಗದಿದ್ದರೆ ಯಾರನ್ನು ಕೇಳುತ್ತೀರಿ?" ಎಂದು ವಿಚಾರಿಸಬೇಕು. ತಡವರಿಸದೆ ಒಬ್ಬರ ಹೆಸರು ಹೇಳಿದರೆ ಆ ಕಾಲೇಜಿನಲ್ಲಿ ಜೀವವಿದೆಯೆಂದು ತಿಳಿಯಬಹುದು.

ದೂರದ ಅಮೆರಿಕದಲ್ಲಿ, ಕೆಂಟಕಿ ಪ್ರಾಂತದ ಗುಡ್ಡಗಾಡಿನ ಅಂಚಿನಲ್ಲಿ, ಬೆರಿಯಾ ಎಂಬ ಸಣ್ಣ ಕಾಲೇಜಿದೆ. 1855ರಲ್ಲಿ ಸ್ಥಾಪನೆಯಾದದ್ದು, ವಿದ್ಯಾರ್ಥಿಗಳು ಸುಮಾರು 1,500. ಬಿಳಿಯರೂ ಕರಿಯರೂ ಒಟ್ಟಿಗೆ ಓದಲೆಂದು ಅದು ಹುಟ್ಟಿತು. ಹಣವಿಲ್ಲದ ಮನೆಯ ಮಕ್ಕಳಿಗೇ ಅಲ್ಲಿ ಪ್ರವೇಶ. 1892ರಿಂದ ಅಲ್ಲಿ ಬೋಧನಾ ಶುಲ್ಕವಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಬೇಕು. ನೇಯ್ಗೆ, ಮರಗೆಲಸ, ಹೊಲ, ಕಚೇರಿ ಯಾವುದಾದರೂ ಸರಿ. ಕಾಯಕ, ದಾಸೋಹ ಎಂಬ ಹೆಸರುಗಳನ್ನು ಅರಿಯದೆಯೇ ಅವರು ಆ ದಾರಿಯಲ್ಲಿ ನಡೆದಿದ್ದಾರೆ. ಆ ಹೆಸರುಗಳನ್ನು ಬಲ್ಲ ನಾವೂ ಕೈಕಟ್ಟಿ ಕುಳಿತವರಲ್ಲ. ಚಿತ್ರದುರ್ಗದ ಲಿಂಗೈಕ್ಯ ಜಯದೇವ ಜಗದ್ಗುರುಗಳು ಊರೂರಿನಲ್ಲಿ ಉಚಿತ ಪ್ರಸಾದ ನಿಲಯಗಳನ್ನು ತೆರೆದರು. ಸಿರಿಗೆರೆಯ ಲಿಂಗೈಕ್ಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು (1914–1992) ಹಳ್ಳಿಗಾಡಿಗೆ ಪ್ರೌಢಶಾಲೆಗಳನ್ನು ಕೊಂಡೊಯ್ದರು. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು.

ಈ ಪಂಕ್ತಿಗಳಲ್ಲಿ ಕುಳಿತು ಎದ್ದು ಬಂದವರು ನಾವು. ಇಂದು ನಮ್ಮಲ್ಲಿ ಅನೇಕರು ಅಧಿಕಾರಿಗಳು, ವೈದ್ಯರು, ವಕೀಲರು, ವರ್ತಕರು. ನಮ್ಮ ಮಕ್ಕಳು ತಾಲ್ಲೂಕಿನ ಕಾಲೇಜನ್ನು ಬಿಟ್ಟುಹೋದ ಮೇಲೆ ಅಲ್ಲಿ ಉಳಿದವರು ಬೇರೆ ಹಾದಿಯಿಲ್ಲದ ಮನೆಯ ಮಕ್ಕಳು. ಕೇಳುವವರಿಲ್ಲದೆ ಕಾಲೇಜು ಸೊರಗಿತು. ಅದು ಸೊರಗಿದ್ದನ್ನೇ ತೋರಿಸಿ ನಾವು ಅದನ್ನು ತೊರೆದದ್ದು ಸರಿಯೆಂದುಕೊಂಡೆವು. ಈ ಚಕ್ರದಲ್ಲಿ ನಮ್ಮ ಪಾಲೆಷ್ಟೆಂದು ಪ್ರತಿಯೊಬ್ಬ ಹಿರಿಯ ವಿದ್ಯಾರ್ಥಿಯೂ ತನ್ನನ್ನು ಕೇಳಿಕೊಳ್ಳಬೇಕಾಗಿದೆ. ಪರಿಹಾರಕ್ಕಾಗಿ ಮಕ್ಕಳನ್ನು ಬಲವಂತದಿಂದ ಊರಿನಲ್ಲಿ ಕಟ್ಟಿಹಾಕಬೇಕಾಗಿಲ್ಲ. ಮಕ್ಕಳು ನಮ್ಮ ಪ್ರಾಯಶ್ಚಿತ್ತದ ಸಾಮಗ್ರಿಯಲ್ಲ. ಪ್ರಾಯಶ್ಚಿತ್ತವನ್ನು ನಾವೇ ಮಾಡಿಕೊಳ್ಳಬೇಕು. ಇತಿಹಾಸ ಬಲ್ಲ ನಿವೃತ್ತರೊಬ್ಬರು ತಿಂಗಳಿಗೊಮ್ಮೆ ಆ ಮಕ್ಕಳನ್ನು ಅಮೃತಾಪುರದ ಶಾಸನದ ಮುಂದೆ ನಿಲ್ಲಿಸಬಹುದು. ಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಪುಸ್ತಕಗಳು ಕಡೂರಿನ ಬೀರುವನ್ನು ಸೇರಬಹುದು. ಬೀರೂರಿನ ಅತಿಥಿ ಉಪನ್ಯಾಸಕರೊಬ್ಬರನ್ನು ಮಠದ ಸಭೆಗೆ ಕರೆದು ಅತಿಥಿಗೆ ಸಲ್ಲುವ ಗೌರವವನ್ನು ಸಲ್ಲಿಸಬಹುದು. ಇವಾವುವೂ ದೊಡ್ಡ ಹಣದ ಕೆಲಸಗಳಲ್ಲ.

ಹೊಂದುವ ವಿದ್ಯಾಲಯವೆಂಬುದು ಎಲ್ಲೋ ಸಿದ್ಧವಾಗಿ ನಮಗಾಗಿ ಕಾದಿರುವ ವಸ್ತುವಲ್ಲ. ಅದನ್ನು ಅರ್ಧ ಹುಡುಕಬೇಕು, ಇನ್ನರ್ಧ ಕಟ್ಟಬೇಕು. ಹುಡುಕುವ ಕೆಲಸ ತಂದೆತಾಯಿಗಳದು ಮತ್ತು ಮಗುವಿನದು. ಕಟ್ಟುವ ಕೆಲಸ ಸಮಾಜದ್ದು, ವಿಶೇಷವಾಗಿ ಸಮಾಜದ ಅನ್ನ ಉಂಡು ಓದಿದವರದು.

ಈ ಸಲ ಫಲಿತಾಂಶ ಬಂದ ಸಂಜೆ ಸದ್ಭಕ್ತರು ಒಂದು ಕೆಲಸ ಮಾಡಲಿ. ಬಂಧುಗಳಿಗೆ ದೂರವಾಣಿ ಮಾಡುವ ಮೊದಲು, ಲಿಂಗಪೂಜೆ ಮುಗಿಸಿದ ಮೇಲೆ, ಮಗುವನ್ನು ಎದುರಿಗೆ ಕುಳ್ಳಿರಿಸಿಕೊಂಡು, "ನಿನಗೆ ಏನನ್ನು ತಿಳಿಯಬೇಕೆಂಬ ಆಸೆಯಿದೆ?" ಎಂದು ಕೇಳಲಿ. ಉತ್ತರ ತಡವಾಗಿ ಬರಬಹುದು. ಬರುವವರೆಗೂ ಕಾಯೋಣ.